ಅಯ್ಯನವರಿಗೆ ನೇಯಿಸಿದ ಶಾಲು

ನಮ್ಮ ಮನೆಯಲ್ಲಿ ಇಸ್ತ್ರಿ ಮಾಡುವ ಮೇಜಿನ ಮೇಲೆ ಒಂದು ಮೆರೂನ್ ಬಣ್ಣದ ಶಾಲು ಹಾಸಿದೆ. ಈವತ್ತು ಬೆಳಿಗ್ಗೆ ಪಂಚೆ ಇಸ್ತ್ರಿ ಮಾಡುತ್ತ ನಿಂತಿದ್ದವನಿಗೆ ಅದರ ಮೂಲೆಯಲ್ಲಿರುವ ನೀಲಿ ಇಂಕಿನ ಕಲೆ ಕಣ್ಣಿಗೆ ಬಿತ್ತು. ಬಿದ್ದದ್ದೇ ತಡ, ನಗು ಶುರುವಾಯಿತು. ಅಡುಗೆಮನೆಯಿಂದ ನನ್ನವಳು, "ಏನ್ರೀ, ಪಂಚೆ ಏನಾದ್ರೂ ಜೋಕ್ ಹೇಳ್ತಾ?" ಎಂದು ಕೂಗಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಪಂಚೆ ಸುಟ್ಟಿತು. ಅದೂ ಸರಿಯಾಗಿ ಮುಂಭಾಗದಲ್ಲಿ. ಇನ್ನು ಅದನ್ನುಟ್ಟು ಬೀದಿಗೆ ಇಳಿಯುವಂತಿಲ್ಲ. ಹಾಗಾಗಿ ಕುರ್ಚಿ ಎಳೆದುಕೊಂಡು ಕೂತು ನಿಮಗೆ ಈ ಕಥೆ ಹೇಳುತ್ತಿದ್ದೇನೆ.

ಸನ್ಮಾನದ ಶಾಲನ್ನು ನೀವು ಕಂಡೇ ಇರುತ್ತೀರಿ. ಚಳಿಗೆ ಆಗದು, ಬಿಸಿಲಿಗೆ ಆಗದು. ಮೈ ಒರೆಸಿಕೊಳ್ಳಲು ಹೋದರೆ ನೀರನ್ನು ಬೆನ್ನಿನಿಂದ ಹೊಟ್ಟೆಗೆ ಸಾಗಿಸುತ್ತದೆಯೇ ಹೊರತು ಹೀರುವುದಿಲ್ಲ. ಜರಿಯಂತೆ ಕಾಣುವ ಅದರ ಅಂಚು ಕತ್ತನ್ನು ಎಷ್ಟು ಕೆರೆಯುತ್ತದೆಂದರೆ, ವೇದಿಕೆಯ ಮೇಲೆ ಕೂತ ಗಣ್ಯರು ಭಾಷಣ ಕೇಳಿ ತಲೆದೂಗುತ್ತಿದ್ದಾರೆಂದು ನಾವು ತಿಳಿಯುವುದು ಬಹಳ ಸಲ ತಪ್ಪು. ಅವರು ಕತ್ತು ಕೆರೆದುಕೊಳ್ಳುತ್ತಿರುತ್ತಾರೆ. ಇಷ್ಟಾದರೂ ಶಾಲು ಹೊದಿಸದಿದ್ದರೆ ಸನ್ಮಾನ ಆದಂತಲ್ಲ.

ನಮ್ಮ ಚಳ್ಳಕೆರೆಯಲ್ಲಿ ಅತಿ ಹೆಚ್ಚು ಶಾಲು ಕಂಡ ಹೆಗಲು ಅಯ್ಯನವರದು. ಅಯ್ಯನವರೆಂದರೆ ಚರ್ಚಿನ ಪಾದ್ರಿಗಳು. ಚರ್ಚೆಂದ ಕೂಡಲೇ ಗೋಪುರ, ಗಂಟೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಹೆಂಚಿನ ಒಂದು ಉದ್ದ ಕೋಣೆ, ಪಕ್ಕಕ್ಕೆ ಅವರ ಪುಟ್ಟ ಮನೆ, ಮುಂದೊಂದು ಬೇವಿನ ಮರ, ಇಷ್ಟೇ. ಭಾನುವಾರ ಅಲ್ಲಿಗೆ ಬರುವ ಕುಟುಂಬಗಳು ಹತ್ತೋ ಹನ್ನೆರಡೋ. ಉಳಿದ ಆರು ದಿನ ಹೋಗುವವರು ನಾವೆಲ್ಲ. ಪಿಂಚಣಿ ಅರ್ಜಿ ಬರೆಸಲು, ತವರಿಗೆ ಹೋಗಿ ಕೂತ ಹೆಂಡತಿಯನ್ನು ಕರೆಸಲು, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಸಾಗಿಸಲು, ಯಾವುದಕ್ಕೂ ಮೊದಲು ಬೇವಿನ ಮರದ ಬುಡ. ಅವರ ಮೇಲಿನವರು ಎರಡು ಸಲ ಅವರನ್ನು ವರ್ಗ ಮಾಡಿದರು. ಎರಡು ಸಲವೂ ಊರಿನವರು ಲಾರಿ ಹತ್ತಿ ಹೋಗಿ, ಆ ಮೇಲಿನವರ ಅಂಗಳದಲ್ಲಿ ಬುತ್ತಿ ಬಿಚ್ಚಿ ಕೂತು, ರದ್ದು ಮಾಡಿಸಿಕೊಂಡು ಬಂದರು. ಎರಡನೇ ಸಲ ಅವರು ಬೆರಗಾಗಿ, "ನಿಮ್ಮ ಸಭೆಯಲ್ಲಿ ಇಷ್ಟೊಂದು ಜನ ಇದ್ದೀರಾ?" ಎಂದು ಕೇಳಿದರಂತೆ. ಎಣ್ಣೆ ಅಂಗಡಿ ತಿಪ್ಪೇಸ್ವಾಮಿ, ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡೇ, "ಹೂಂ ಸ್ವಾಮಿ, ನಾವೆಲ್ಲ ಅವ್ರೋರೇ" ಅಂದನಂತೆ.

ಇಂಥವರಿಗೆ ಶಾಲು ಹೊದಿಸದೆ ಬಿಡುತ್ತಾರೆಯೇ? ಶಾಲೆಯವರು, ಸಂಘದವರು, ಗಣಪತಿ ಕೂರಿಸುವವರು, ಉರುಸ್ ಮಾಡುವವರು ಎಲ್ಲರೂ ಹೊದಿಸಿದರು. ಆದರೆ ಅಯ್ಯನವರ ಹೆಗಲಿನ ಮೇಲೆ ಶಾಲು ನಿಲ್ಲುತ್ತಿದ್ದದ್ದು ವೇದಿಕೆಯ ಮೆಟ್ಟಿಲಿನವರೆಗೆ ಮಾತ್ರ. ಮೆಟ್ಟಿಲಿಳಿದು ಮೊದಲು ಎದುರಾದವರು ನಡುಗುತ್ತಿದ್ದರೆ ಅವರ ಹೆಗಲಿಗೆ. ನಡುಗದಿದ್ದರೂ ಅವರ ಹೆಗಲಿಗೇ.

ಈ ಇಂಕಿನ ಕಲೆ ನನ್ನದೇ ಕೈಚಳಕ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಒಂದು ಗಣರಾಜ್ಯೋತ್ಸವಕ್ಕೆ ಅಯ್ಯನವರ ಸನ್ಮಾನಪತ್ರ ಬರೆಯುವಾಗ ಪಕ್ಕದಲ್ಲಿದ್ದ ಶಾಲಿನ ಮೇಲೆ ಇಂಕು ಚೆಲ್ಲಿದೆ. ಯಾರಿಗೂ ಹೇಳದೆ ಆ ಮೂಲೆಯನ್ನು ಒಳಕ್ಕೆ ಮಡಿಚಿ ಹೊದಿಸಿದೆ. ಒಂದು ತಿಂಗಳಿಗೆ ದೊಡ್ಡಉಳ್ಳಾರ್ತಿಗೆ ಹೋದಾಗ, ಕುರಿ ಕಾಯುವ ಪಾಲಯ್ಯನ ಎಳೆಮರಿಯೊಂದು ನೀಲಿ ಕಲೆಯ ಮೆರೂನ್ ಶಾಲು ಹೊದ್ದು ಹುಲ್ಲುಗಾವಲಿನ ಬೇಲಿಯ ಪಕ್ಕ ಗಂಭೀರವಾಗಿ ನಿಂತಿತ್ತು. ಥೇಟ್ ಮುಖ್ಯ ಅತಿಥಿ. ಪಾಲಯ್ಯ ಅದನ್ನು ಒಗೆದು ವಾಪಸ್ ತಂದುಕೊಟ್ಟನಂತೆ. ಆಮೇಲೆ ಅದು ಪಿಯುಸಿ ಪಾಸಾದ ಒಬ್ಬ ಹುಡುಗಿಯ ಮೇಲೆ ಕಂಡಿತು. ಕೊನೆಗೆ ನಾನು ನಿವೃತ್ತನಾದ ದಿನ ಅಯ್ಯನವರು ಬಂದು ನನ್ನ ಹೆಗಲಿಗೆ ಶಾಲು ಹೊದಿಸಿದರಲ್ಲ, ಕತ್ತು ಕೆರೆದುಕೊಳ್ಳುತ್ತ ನೋಡುತ್ತೇನೆ, ಮೂಲೆಯಲ್ಲಿ ನನ್ನದೇ ಇಂಕು! "ಒಳ್ಳೇ ಶಾಲು ಮೇಷ್ಟ್ರೇ, ಇನ್ನೂ ಬಾಳ ದಿನ ಬರ್ತದೆ," ಎಂದು ಅಯ್ಯನವರು ಕಿಂಚಿತ್ತೂ ಸಂಕೋಚವಿಲ್ಲದೆ ಬೆನ್ನು ತಟ್ಟಿದರು. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ ಇರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಅಯ್ಯನವರಿಗೂ ವಯಸ್ಸಾಯಿತು, ನಿವೃತ್ತಿ ಬಂತು. ಮನೆ ಬಿಟ್ಟುಕೊಟ್ಟು ಹಿರಿಯೂರಿನ ಕಡೆ ತಂಗಿಯ ಊರಿಗೆ ಹೋಗುವುದೆಂದು ಗೊತ್ತಾಯಿತು. ಸುದ್ದಿ ಕೇಳಿ ನಾನು ಹೋಗಿ ನೋಡಿದರೆ, ಇಡೀ ಸಂಸಾರ ಎರಡು ತಗಡಿನ ಟ್ರಂಕಿನಲ್ಲಿ ಮುಗಿದಿತ್ತು. ಎರಡನೆಯದರಲ್ಲಿ ಅರ್ಧ ಜಾಗ ಖಾಲಿ. ಮನಸ್ಸಿಗೆ ಚುಳ್ ಅಂದಿತು ನೋಡಿ. ನಲವತ್ತೈದು ವರ್ಷ ನಮ್ಮೂರಲ್ಲಿದ್ದವರು. ಹೋಗುವಾಗ ನಮ್ಮೂರಿನದು ಅಂತ ಒಂದು ನೂಲಿನೆಳೆ ಅವರ ಜೊತೆ ಹೋಗುವುದಿಲ್ಲವಲ್ಲ! ಸನ್ಮಾನ ಸಮಿತಿಯ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದೆ: "ಈ ಸಲ ನಾವು ಕೊಟ್ಟಿದ್ದು ಆ ಟ್ರಂಕಿನೊಳಗೆ ಹೋಗಲೇಬೇಕು. ಹೋಗದಿದ್ದರೆ ನಾನು ಮೇಷ್ಟ್ರೇ ಅಲ್ಲ."

ಅಧ್ಯಕ್ಷ ತಿಪ್ಪೇಸ್ವಾಮಿ ಯೋಚಿಸಿ, "ಅಂಗಡಿ ಶಾಲು ಆದ್ರೆ ಕೊಟ್ಬಿಡ್ತಾರೆ ಕಣ್ರೀ. ಅವ್ರಿಗೇ ಅಂತ ನೇಯಿಸಿದ್ರೆ? ರೇಷ್ಮೇದು? ಒಬ್ಬ ಮುದುಕ ಕೂತು ನಿಮಗೋಸ್ಕರ ನೇಯ್ದಾನೆ ಅಂದ್ರೆ ಕೊಡಾಕೆ ಕೈ ಬರಲ್ಲ. ನಿಮ್ಮ ಚಿಕ್ಕಪ್ಪ ಅದಾನಲ್ಲ ಮೊಳಕಾಲ್ಮೂರಲ್ಲಿ?" ಎಂದ. ಎಲ್ಲರೂ ನನ್ನ ಕಡೆ ನೋಡಿದರು.

ಹೌದು, ನಾನು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದವನು. ಹೊರಗೆ ಕನ್ನಡ, ಒಳಗೆ ತೆಲುಗು, ಬೈಯುವಾಗ ಎರಡೂ. ನಮ್ಮ ಮನೆಯಲ್ಲಿ ಮಲಗಲು ಇರುವ ಜಾಗಕ್ಕಿಂತ ಮಗ್ಗಕ್ಕೆ ಇರುವ ಜಾಗ ದೊಡ್ಡದು. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪ, ಎದುರು ಗೋಡೆಗೆ ಚಿಕ್ಕಪ್ಪನ ಮಗ್ಗ. ಟಕ್ಕು ಟಕ್ಕು ಎಂಬ ಸದ್ದು ನಿಂತರೆ ನಮಗೆ ಎಚ್ಚರವಾಗುತ್ತಿತ್ತು. ನನಗೂ ಕಲಿಸಲು ನೋಡಿದರು. ಮೊದಲ ದಿನವೇ ಲಾಳಿ ಎಸೆದೆ. ಅದು ಹಾಸಿನ ನಡುವೆ ಓಡುವ ಬದಲು ಹಾರಿ ಹೋಗಿ ಅಜ್ಜಿಯ ಎಲೆಅಡಿಕೆ ತಟ್ಟೆಗೆ ಬಿತ್ತು. ಎರಡನೇ ದಿನ ನಾನೇ ಗುಂಡಿಗೆ ಬಿದ್ದೆ. ಮೂರನೇ ದಿನ ಚಿಕ್ಕಪ್ಪ, "ಈಡು ಬಡಿಕಿ ಪೋನೀ," ಶಾಲೆಗೇ ಹೋಗಲಿ ಬಿಡು, ಎಂದು ತೀರ್ಪು ಕೊಟ್ಟ. ನಾನು ಮೇಷ್ಟ್ರಾದದ್ದು ಪ್ರತಿಭೆಯಿಂದ ಎಂದು ತಿಳಿದವರಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಆ ಶಾಲೆಯೂ ಒಮ್ಮೆ ಕೈತಪ್ಪುವುದರಲ್ಲಿತ್ತು. ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದವನು ಓದುವ ರಜೆಗೆಂದು ಊರಿಗೆ ಬಂದು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ತಳಕು ದಾಟಿದ ಮೇಲೆ ಬಸ್ಸು ಕೆಮ್ಮಿ ಕೆಮ್ಮಿ ನಿಂತಿತು. ರಸ್ತೆ ಪಕ್ಕ ನಿಂತು ನಾನು ಸೊರಸೊರ ಅಳುತ್ತಿದ್ದೆ. ಆಗ ಅಯ್ಯನವರ ಲೂನಾ ಬಂತು. ಹಿಂದೆ ಅಮ್ಮನವರು, ಹೊಸದಾಗಿ ಮದುವೆಯಾಗಿ ಬಂದವರು, ತೊಡೆಯ ಮೇಲೆ ಟಿಫಿನ್ ಡಬ್ಬಿ ಹಿಡಿದು ಕೂತಿದ್ದರು. "ಯಾಕಪ್ಪಾ ಅಳ್ತೀಯಾ?" ಎಂದು ಅಯ್ಯನವರು ಕೇಳಿದರು. ಹೇಳಿದೆ. ಅವರು ಹೆಂಡತಿಯ ಕಡೆ ತಿರುಗುವ ಮೊದಲೇ ಅಮ್ಮನವರು ಇಳಿದಿದ್ದರು. ನಾನು ಹತ್ತಿದೆ. ಡಬ್ಬಿಯನ್ನೂ ನನ್ನ ಕೈಗೇ ಕೊಟ್ಟರು, ಪರೀಕ್ಷೆ ಮುಗಿದ ಮೇಲೆ ತಿನ್ನು ಎಂದು. ಅವಲಕ್ಕಿ ಇತ್ತು, ಬಹಳ ರುಚಿಯಾಗಿತ್ತು. ಆ ಬಿಸಿಲಲ್ಲಿ ಅಮ್ಮನವರು ಆಮೇಲೆ ಮನೆಗೆ ಹೇಗೆ ಹೋದರು ಎಂಬುದನ್ನು ನಾನು ಈವತ್ತಿನವರೆಗೆ ಕೇಳಿಲ್ಲ.

ಇರಲಿ. ಚಿಕ್ಕಪ್ಪನ ಹತ್ತಿರ ಹೋದೆ. ಈಗ ಎಂಬತ್ತರ ಹತ್ತಿರ, ಆದರೂ ಮಗ್ಗ ಬಿಟ್ಟಿಲ್ಲ. ಮಗ್ಗದ ಮೇಲೆ ಬದನೆಕಾಯಿ ಬಣ್ಣದ ಸೀರೆಯ ಹಾಸು ಏರಿತ್ತು. ನಾನು, "ಚಿಕ್ಕಪ್ಪಾ, ಇದರಲ್ಲೇ ಒಂದು ಶಾಲು ನೇಯ್ದು ಕತ್ತರಿಸಿಕೊಡು. ಎರಡೂವರೆ ಗಜ ಸಾಕು," ಎಂದೆ. ಚಿಕ್ಕಪ್ಪ ಕನ್ನಡಕ ಏರಿಸಿ, "ಪಾದ್ರಿಗಳಿಗಾ? ಶಿಲುಬೆ ಬುಟ್ಟಾ ಹಾಕ್ಲಾ? ಸುಲಭ, ನಾಕು ಚೌಕ," ಎಂದ. ಬೇಡ ಎಂದೆ. "ಮತ್ತೆ ನವಿಲು?" "ನವಿಲು ಆಗಲಿ." "ಪಾದ್ರಿಗಳು ನವಿಲು ಹೊದ್ಕೊಂತಾರಾ?" "ಅವರು ಏನು ಬೇಕಾದರೂ ಹೊದ್ದುಕೊಳ್ಳುತ್ತಾರೆ, ಇಟ್ಟುಕೊಳ್ಳುವುದೇ ಇಲ್ಲ, ಅದೇ ತಾಪತ್ರಯ," ಎಂದು ಬಂದುಬಿಟ್ಟೆ.

ಸಮಾರಂಭದ ಮುಂಚಿನ ಎರಡು ದಿನ ಚಿಕ್ಕಪ್ಪ ನನಗೆ ಮೂರು ಸಲ ಫೋನ್ ಮಾಡಿದ. ನಾನೋ, ಕಾರ್ಯದರ್ಶಿ. ಶಾಮಿಯಾನಾ, ಮೈಕು, ಫ್ಲೆಕ್ಸು, ಒಂದೇ ಎರಡೇ! ಫ್ಲೆಕ್ಸಿನಲ್ಲಿ ಯಾರ ಮುಖ ಯಾರ ಮುಖಕ್ಕಿಂತ ಕಾಲಂಗುಲ ದೊಡ್ಡದಾಗಬೇಕು ಎಂಬುದಕ್ಕೇ ಅರ್ಧ ದಿನ ಹೋಯಿತು. "ಒರೇಯ್, ಒಕ್ಕ ಮಾಟ ವಿನ್ರಾ," ಒಂದೇ ಒಂದು ಮಾತು ಕೇಳೋ, ಎಂದು ಚಿಕ್ಕಪ್ಪ ಶುರುಮಾಡುವುದು, "ನೇಯ್ದಾಯ್ತಾ? ಆಯ್ತಲ್ಲ, ತಗೊಂಡು ಬಾ," ಎಂದು ನಾನು ಇಟ್ಟುಬಿಡುವುದು. ಮೂರು ಸಲವೂ ಹೀಗೇ ಆಯಿತು.

ಆ ದಿನ ಸಮುದಾಯ ಭವನ ಗಿಜಿಗುಡುತ್ತಿತ್ತು. ದೇವಸಮುದ್ರದ ಕಡೆಯಿಂದ, ಉಳ್ಳಾರ್ತಿ ಕಡೆಯಿಂದ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಹಿಂದುಗಡೆಯಿಂದ ಮಿರ್ಚಿ ಕರಿಯುವ ವಾಸನೆ ಬಂದು ಭಾಷಣಕಾರರಿಗೆ ಪೈಪೋಟಿ ಕೊಡುತ್ತಿತ್ತು. ಚಿಕ್ಕಪ್ಪನ ಬಸ್ಸು ತಡವಾಯಿತು. ನಾನು ಮೈಕಿನಲ್ಲಿ, "ಈಗ ಆ ಅಮೃತ ಘಳಿಗೆ," ಎನ್ನುವ ಹೊತ್ತಿಗೆ ಸರಿಯಾಗಿ ಒಳಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ನನ್ನ ಕೈಗಿಟ್ಟು, ಏನೋ ಹೇಳಲು ಬಾಯಿ ತೆರೆದ. ನಾನು ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ವೇದಿಕೆ ಹತ್ತಿದೆ.

"ಮೊಳಕಾಲ್ಮೂರಿನ ಮಗ್ಗದಲ್ಲಿ, ಅಯ್ಯನವರಿಗೆಂದೇ ನೇಯ್ದ ರೇಷ್ಮೆ ಶಾಲು!" ಎಂದು ಘೋಷಿಸಿದೆ. ಚಪ್ಪಾಳೆ. ಒಂದು ತುದಿ ನಾನು ಹಿಡಿದೆ, ಮಡಿಕೆ ಬಿಚ್ಚುತ್ತ ತಿಪ್ಪೇಸ್ವಾಮಿ ಅಯ್ಯನವರ ಬೆನ್ನ ಹಿಂದೆ ಹೋದ. ಒಂದು ಸುತ್ತು ಬಂದ. ಕೈಯಲ್ಲಿ ಇನ್ನೂ ಮಡಿಕೆ ಇತ್ತು. ಎರಡನೇ ಸುತ್ತು ಬಂದ. ಇನ್ನೂ ಇತ್ತು. "ಮೇಷ್ಟ್ರೇ, ಇದು ಮುಗೀವಲ್ದು," ಎಂದು ಪಿಸುಗುಟ್ಟಿದ. ಮೈಕು ನನ್ನ ಕೈಯಲ್ಲೇ ಇದ್ದದ್ದರಿಂದ ಆ ಪಿಸುಮಾತು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು. ಮೂರನೇ ಸುತ್ತಿಗೆ ಅಯ್ಯನವರ ಕೈಗಳು ಒಳಗೆ ಸೇರಿಹೋದವು. ಆಮೇಲೆ, ಅಯ್ಯೋ ದೇವರೇ, ಸೆರಗು ಬಂತು! ಮೊಳದುದ್ದದ ಸೆರಗು, ತುಂಬ ನವಿಲು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು, "ಅದು ಸೀರೆ ಕಣ್ರೋ, ಸೀರೆ!" ಎಂದು ಕೂಗಿದಳು. ಪಾಲಯ್ಯ ಕುರಿ ಅಟ್ಟುವ ಸಿಳ್ಳೆ ಹೊಡೆದ. ಭವನಕ್ಕೆ ಭವನವೇ ಬಿದ್ದುಬಿದ್ದು ನಕ್ಕಿತು. ಅಯ್ಯನವರಂತೂ ಮದುವಣಗಿತ್ತಿಯ ಹಾಗೆ ಸುತ್ತಿಸಿಕೊಂಡು ನಿಂತು, ನಗುವ ರಭಸಕ್ಕೆ ಕನ್ನಡಕ ಜಾರಿದರೂ ಹಿಡಿಯಲು ಕೈಯಿಲ್ಲದೆ ಒದ್ದಾಡುತ್ತಿದ್ದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ನಮ್ಮ ಚಿಕ್ಕಪ್ಪ! ವೇದಿಕೆಯಿಂದಲೇ ಹಲ್ಲು ಕಡಿದು ನೋಡಿದೆ. ಚಿಕ್ಕಪ್ಪ ಎದ್ದು ನಿಂತ. "ಚೆಪ್ಪನಿಸ್ತೇ ಕದರಾ! ಹೇಳಾಕೆ ಬಿಟ್ರೆ ತಾನೆ? ಮೂರ್ ಸಲ ಫೋನ್ ಮಾಡಿದ್ನಲ್ಲೋ! ಎರಡೂವರೆ ಗಜಕ್ಕೆ ನಿಲ್ಲಿಸ್ಬೇಕು ಅಂತಾನೇ ಕುಂತಿದ್ದೆ. ನೇಯ್ದಿದ್ದೆಲ್ಲ ದಿಂಡಿಗೆ ಸುತ್ಕೊಂತ ಹೋಗ್ತೈತೆ, ಉದ್ದ ಯಾರಿಗ್ ಕಾಣ್ತೈತೆ? ಅರವತ್ತು ವರ್ಷ ಸೀರೆ ನೇಯ್ದ ಕೈಗೆ ಮಧ್ಯದಾಗೆ ನಿಲ್ಲಾದು ಗೊತ್ತಿಲ್ಲ. ಸೆರಗು ಮುಗಿದ್ಮೇಲೇ ನನಗೆ ಎಚ್ಚರ ಆಗಿದ್ದು!"

"ಕತ್ತರಿಸಿಬಿಡೋದಲ್ವಾ ಚಿಕ್ಕಪ್ಪಾ!" ಎಂದೆ ಮೈಕಿನಲ್ಲೇ.

"ಸೆರಗು ಬಂದ ಸೀರೆಗೆ ಕತ್ರಿ ಹಾಕ್ತಾರೇನೋ ಮೂರ್ಖ? ಮಗ್ಗದ ಮನೇಲಿ ಹುಟ್ಟಿ ಅಷ್ಟೂ ಗೊತ್ತಿಲ್ವಾ?" ಎಂದ. ಜನ ಅವನಿಗೂ ಚಪ್ಪಾಳೆ ತಟ್ಟಿದರು. ನಾನು ಬೆವರು ಒರೆಸಿಕೊಂಡೆ.

ಅಯ್ಯನವರು ಸೀರೆಯಿಂದ ಬಿಡಿಸಿಕೊಂಡು, ಅದನ್ನು ನೀಟಾಗಿ ಮಡಿಚಿ ಎರಡೂ ಕೈಯಲ್ಲಿ ಹಿಡಿದರು. ಅವರ ಕಣ್ಣು ಸಭೆಯ ಮೇಲೆ ಓಡತೊಡಗಿತು. ಆ ನೋಟ ನನಗೆ ಗೊತ್ತು. "ಓಬಕ್ಕಾ," ಎಂದರು ಅಯ್ಯನವರು, "ನಿನ್ನ ಮಗಳ ಮದುವೆ ಬರೋ ತಿಂಗಳಲ್ವಾ?"

"ಮುಗೀತು!" ಎಂದು ತಿಪ್ಪೇಸ್ವಾಮಿ ಕುರ್ಚಿಯಲ್ಲಿ ಕುಸಿದ. ಟ್ರಂಕಿನ ಖಾಲಿ ಜಾಗ ಖಾಲಿಯೇ ಉಳಿಯಿತು, ನಾನು ಮೇಷ್ಟ್ರೂ ಅಲ್ಲ ಏನೂ ಅಲ್ಲ ಎಂದುಕೊಂಡೆ.

ಓಬಕ್ಕ ಚರ್ಚಿನ ರಸ್ತೆಯಲ್ಲಿ ಮಂಡಕ್ಕಿ ಮಾರುವವಳು. ಎದ್ದು ನಿಂತಳು. "ಬ್ಯಾಡ್ರಿ ಅಯ್ಯನೋರೇ," ಎಂದಳು. ಅಯ್ಯನವರು ಕೊಟ್ಟದ್ದನ್ನು ಯಾರಾದರೂ ಬೇಡ ಎಂದದ್ದು ನಾನು ಕೇಳಿದ್ದು ಅದೇ ಮೊದಲು. "ನನ್ನ ಮದ್ವೇಲಿ ನಮ್ಮವ್ವನ ಹತ್ರ ಸೀರೆ ಇರ್ಲಿಲ್ಲ. ಅಮ್ಮನೋರು ತಮ್ಮ ದಾರೆ ಸೀರೆ ತಂದು ಉಡಿಸಿದ್ರು. ವಾಪಸ್ ಕೊಡಾಕೋದ್ರೆ ಇಸ್ಕೊಳ್ಲಿಲ್ಲ. ಅವತ್ತಿಂದ ಅವ್ರ ಮೈಮ್ಯಾಗೆ ನಾನು ರೇಷ್ಮೆ ನೋಡಿಲ್ಲ. ಈಗ ನನ್ನ ಮಗಳಿಗೂ ಅವ್ರದೇ ಸೀರೆನಾ? ಅದಿರ್ಲಿ, ಅಮ್ಮನೋರು ಎಲ್ಲವ್ರೆ?"

ಎಲ್ಲಿದ್ದಾರೆ? ಎಲ್ಲರೂ ತಿರುಗಿ ನೋಡಿದರು. ಹನ್ನೊಂದು ಕುರ್ಚಿಗಳನ್ನು ನೋಡಿದರು, ಫ್ಲೆಕ್ಸ್ ನೋಡಿದರು. ಫ್ಲೆಕ್ಸಿನಲ್ಲಿ ಶಾಮಿಯಾನಾದವನ ಫೋಟೋ ಕೂಡ ಇತ್ತು. ಕಾರ್ಯದರ್ಶಿಯಾದ ನನ್ನದಂತೂ ಇದ್ದೇ ಇತ್ತು, ಹತ್ತು ವರ್ಷದ ಹಿಂದಿನ ತುಂಬುಗೂದಲಿನದು. ಅಮ್ಮನವರ ಹೆಸರು ಎಲ್ಲೂ ಇರಲಿಲ್ಲ. ಹಿಂದಿನಿಂದ ಯಾರೋ, "ಇಲ್ಲವ್ರೆ, ಮಿರ್ಚಿ ಕರೀತಾವ್ರೆ!" ಎಂದು ಕೂಗಿದರು.

ನಾಲ್ಕು ಹೆಂಗಸರು ಕೈಹಿಡಿದು ಎಳೆದುಕೊಂಡೇ ಬಂದರು. ಕೈ ತುಂಬ ಕಡಲೆಹಿಟ್ಟು, ಮುಖ ಒಲೆಯ ಶಾಖಕ್ಕೆ ಕೆಂಪಾಗಿತ್ತು. ಮಾಸಿದ ವಾಯಿಲ್ ಸೀರೆ. ಮೈಕಿನಲ್ಲಿ ಸ್ವಾಗತಿಸಬೇಕಲ್ಲ. ಬಗ್ಗಿ ಮೆಲ್ಲಗೆ ಕೇಳಿದೆ, "ಅಮ್ಮಾ, ತಮ್ಮ ಹೆಸರು?" ಅವರು ನಕ್ಕು, "ಎಸ್ತೇರು ಅಂತ," ಎಂದರು. ಇಷ್ಟು ವರ್ಷ ಅವರ ಕೈಯೂಟ ಉಂಡು ಹೆಸರು ಕೇಳದೇ ಹೋದವನು ನಾನು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಅಯ್ಯನವರು ಸೀರೆಯನ್ನು ಹೆಂಡತಿಯ ಮುಂದೆ ಹಿಡಿದರು. ಪಾಪ, ಜೀವಮಾನದ ಅಭ್ಯಾಸ, ಕೇಳಿದ್ದು ಹೀಗೆ: "ಯಾರಿಗೆ ಕೊಡೋಣ ಎಸ್ತೇರೂ?"

ಅಮ್ಮನವರು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು. ಆದರೂ ನಂಬಿಕೆ ಸಾಲದೆ, ಬೆರಳು ಮಡಿಚಿ ಗೆಣ್ಣಿನಿಂದ ಮಾತ್ರ ಆ ಬದನೆಕಾಯಿ ಬಣ್ಣದ ಮೇಲೆ ಒಮ್ಮೆ ಸವರಿದರು. ಒಂದು ನವಿಲನ್ನು ಮುಟ್ಟಿ ನೋಡಿದರು. ಆಮೇಲೆ ತಲೆಯೆತ್ತಿ ಅಯ್ಯನವರಿಗೆ ಹೇಳಿದರು:

"ಯಾರಿಗೂ ಬ್ಯಾಡ. ಇದು ನನಗಿರ್ಲಿ."

ಆಗ ಎದ್ದ ಕೂಗನ್ನು ನಾನು ಬರೆದು ತೋರಿಸಲಾರೆ. ಪಾಲಯ್ಯನ ಸಿಳ್ಳೆ, ಓಬಕ್ಕನ ಕೇಕೆ, ತಿಪ್ಪೇಸ್ವಾಮಿ ಕುರ್ಚಿಯ ಮೇಲೆ ಹತ್ತಿ ನಿಂತು ಬೀಸಿದ ಟವಲ್ಲು, ಎಲ್ಲ ಒಟ್ಟಿಗೆ. ಚಿಕ್ಕಪ್ಪ ಅಳುತ್ತಿದ್ದ. ಅಯ್ಯನವರು ಒಂದು ಕ್ಷಣ ಬೆಪ್ಪಾಗಿ ನಿಂತು, ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ನಾನು ಮೈಕ್ ಹಿಡಿದುಕೊಂಡೇ ಕುಣಿದೆನೆಂದು ಹೇಳುತ್ತಾರೆ. ಮೊಬೈಲಿನಲ್ಲಿ ಸಾಕ್ಷಿಯೂ ಓಡಾಡುತ್ತಿದೆ. ಈ ಗಲಾಟೆಯಲ್ಲಿ ಒಲೆಯ ಮೇಲಿದ್ದ ಒಂದು ಬಾಣಲೆ ಮಿರ್ಚಿ ಕರಕಲಾಯಿತು. ಅದನ್ನೂ ಜನ ಬಿಡದೆ ತಿಂದರು.

ಮಾರನೆಯ ಬೆಳಿಗ್ಗೆ ಅರ್ಧ ಊರು ಬಸ್‌ಸ್ಟ್ಯಾಂಡಿಗೆ ಬಂದಿತ್ತು. ಟ್ರಂಕುಗಳನ್ನು ನಾನೇ ಮೇಲೆ ಏರಿಸಿದೆ. ಎರಡನೆಯದು ಇನ್ನೂ ಅರ್ಧ ಖಾಲಿ ಎನ್ನುವಷ್ಟು ಹಗುರವಾಗಿತ್ತು. ಗಾಬರಿಯಾಗಿ ತಿರುಗಿ ನೋಡಿದೆ. ಅಯ್ಯನವರ ಹಿಂದೆ ಅಮ್ಮನವರು ಬರುತ್ತಿದ್ದರು, ರೇಷ್ಮೆ ಸೀರೆ ಉಟ್ಟುಕೊಂಡು. ಹೊಸ ಸೀರೆ ಸರಬರ ಎನ್ನುತ್ತಿತ್ತು, ಸೆರಗಿನ ತುಂಬ ನವಿಲು. ಕಂಡಕ್ಟರ್ ಬಾಗಿಲಲ್ಲಿ ನಿಂತು ದಾರಿ ಬಿಟ್ಟ.

"ಯಾರ ಮದ್ವಿಗೆ ಹೊಂಟ್ರಿ ಅಮ್ಮಾ, ಇಷ್ಟ್ ಜೋರಾಗಿ?" ಎಂದು ಕೇಳಿದ.

"ಯಾರ ಮದ್ವೆನೂ ಇಲ್ಲಪ್ಪಾ," ಎಂದರು ಅಮ್ಮನವರು. "ಚೆನ್ನಾಗೈತಲ್ಲ, ಅದಕ್ಕೆ ಉಟ್ಕೊಂಡೆ."